ಬೇಸಿಗೆಯ ಇಂಟರ್ನ್‌ಶಿಪ್ಪಿಗೆ ಪಾಠವನ್ನು ಜೋಡಿಸುವ ಬಗೆ: ಸಂಯೋಜಕರಿಗೊಂದು ಕೈಪಿಡಿ

ಬೇಸಿಗೆ ರಜೆಯಲ್ಲಿ ಇಂಟರ್ನ್‌ಶಿಪ್ಪನ್ನೂ ಪಠ್ಯಕೋರ್ಸನ್ನೂ ಕೂಡಿಸಿ ನಡೆಸುವುದೆಂದು ವಿಭಾಗದ ಸಭೆಯಲ್ಲಿ ತೀರ್ಮಾನವಾಗಿ, ಸಂಯೋಜಕರ ಹೊಣೆ ನಿಮ್ಮ ಹೆಗಲಿಗೆ ಬಂದಿದ್ದರೆ, ಸಂಸ್ಥೆಗಳಿಗೆ ಪತ್ರ ಬರೆಯುವ ಮುನ್ನ, ಪ್ರಕಟಣೆ ಹೊರಡಿಸುವ ಮುನ್ನ, ಒಬ್ಬ ವಿದ್ಯಾರ್ಥಿಗೆ ವಾರದಲ್ಲಿ ಎಷ್ಟು ಗಂಟೆ ಸಿಗುತ್ತದೆಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಿ. ಇಂಥ ಕಾರ್ಯಕ್ರಮಗಳಲ್ಲಿ ಮುಂದೆ ಕಾಣಿಸಿಕೊಳ್ಳುವ ತೊಂದರೆಗಳಲ್ಲಿ ಅರ್ಧಕ್ಕೂ ಹೆಚ್ಚು ಹುಟ್ಟುವುದು ಈ ಲೆಕ್ಕವನ್ನು ಮಾಡದೆ ಬಿಟ್ಟ ದಿನವೇ ಎಂಬುದು ಹಲವು ಬೇಸಿಗೆಗಳನ್ನು ಕಳೆದ ಮೇಲೆ ನನಗೆ ಮನದಟ್ಟಾಗಿರುವ ಸಂಗತಿ.

ಕ್ರೆಡಿಟ್ ಎಂಬುದು ಮೂಲತಃ ವಿದ್ಯಾರ್ಥಿ ಕಲಿಕೆಗೆ ಕೊಡುವ ಕಾಲದ ಅಳತೆ. ಯುರೋಪಿನ ಕ್ರೆಡಿಟ್ ವರ್ಗಾವಣೆ ಪದ್ಧತಿಯಲ್ಲಿ ಒಂದು ಕ್ರೆಡಿಟ್ಟಿಗೆ ಓದು, ತರಗತಿ, ಪರೀಕ್ಷೆ ಎಲ್ಲ ಸೇರಿ 25ರಿಂದ 30 ಗಂಟೆಯ ದುಡಿಮೆ ಎಂದು ಎಣಿಸುತ್ತಾರೆ. ಅಮೆರಿಕದ ಸೆಮಿಸ್ಟರ್ ಪದ್ಧತಿಯಲ್ಲಿ ಸುಮಾರು 15 ವಾರಗಳ ಕಾಲ ವಾರಕ್ಕೆ ಒಂದು ಗಂಟೆಯ ತರಗತಿ ಮತ್ತು ಕನಿಷ್ಠ ಎರಡು ಗಂಟೆಯ ಸ್ವಂತ ಓದು ಸೇರಿ ಅದು 45 ಗಂಟೆಯಷ್ಟಾಗುತ್ತದೆ. ನಿಮ್ಮ ವಿಶ್ವವಿದ್ಯಾಲಯದ ಅಳತೆ ಯಾವುದೇ ಇರಲಿ, ಅದನ್ನು ಹಿಡಿದುಕೊಂಡೇ ಮುಂದಿನ ಹೆಜ್ಜೆ ಇಡಬೇಕು.

ಸಭೆಗಳಲ್ಲಿ ಸುಲಭವಾಗಿ ಒಪ್ಪಿಗೆ ಪಡೆಯುವ ಒಂದು ಪ್ರಸ್ತಾವವನ್ನು ಈ ಅಳತೆಗೆ ಹಚ್ಚಿ ನೋಡಿ. ಅವಧಿ ಆರು ವಾರ. ವಾರಕ್ಕೆ 40 ಗಂಟೆಯ ಇಂಟರ್ನ್‌ಶಿಪ್. ಜೊತೆಗೆ ತಲಾ ಮೂರು ಕ್ರೆಡಿಟ್ಟಿನ ಎರಡು ಕೋರ್ಸು. ಕೆಲಸಕ್ಕೆ 240 ಗಂಟೆ, 45 ಗಂಟೆಯ ಅಳತೆಯಲ್ಲಿ ಕೋರ್ಸುಗಳಿಗೆ 270 ಗಂಟೆ, ಒಟ್ಟು 510. ಆರು ವಾರಕ್ಕೆ ಹಂಚಿದರೆ ವಾರಕ್ಕೆ 85 ಗಂಟೆ ಬರುತ್ತದೆ. ಒಂದು ದಿನವೂ ಬಿಡುವಿಲ್ಲದೆ ದಿನಕ್ಕೆ ಹನ್ನೆರಡು ಗಂಟೆ ದುಡಿದರೂ ಮುಗಿಯದ ಈ ಹೊರೆಯನ್ನು ಯಾರೂ ಹೊರುವುದಿಲ್ಲ. ಕೋರ್ಸು ಸದ್ದಿಲ್ಲದೆ ಕುಗ್ಗುತ್ತದೆ, ಓದಬೇಕಾದ ಅಧ್ಯಾಯಗಳು ಸಾರಾಂಶಗಳಾಗುತ್ತವೆ, ಅಧ್ಯಾಪಕರು ನೋಡಿಯೂ ನೋಡದಂತಿರುತ್ತಾರೆ, ಅಂಕಪಟ್ಟಿಯಲ್ಲಿ ಮಾತ್ರ ಪೂರ್ಣ ಕ್ರೆಡಿಟ್ಟುಗಳು ಬಂದು ಕೂರುತ್ತವೆ. ಇದು ವಿದ್ಯಾರ್ಥಿಗೆ ಮಾಡುವ ಮೋಸ ಎಂದೇ ನಾನು ಭಾವಿಸುತ್ತೇನೆ, ಏಕೆಂದರೆ ಮುಂದಿನ ವರ್ಷ ಆ ಕೋರ್ಸಿನ ತಳಹದಿಯ ಮೇಲೆ ನಿಂತ ಇನ್ನೊಂದು ಕೋರ್ಸಿನಲ್ಲಿ ಎಡವುವುದು ಆ ವಿದ್ಯಾರ್ಥಿಯೇ ಹೊರತು ಸಭೆಯಲ್ಲಿ ಒಪ್ಪಿಗೆ ಕೊಟ್ಟವರಲ್ಲ.

ಅದೇ 240 ಗಂಟೆಯ ಕೆಲಸವನ್ನು ಹತ್ತು ವಾರಗಳ ಅವಧಿಯಲ್ಲಿಟ್ಟು, ಎರಡು ಕೋರ್ಸುಗಳ ಬದಲು ಮೂರು ಕ್ರೆಡಿಟ್ಟಿನ ಒಂದು ಕೋರ್ಸನ್ನೂ ಒಂದು ಕ್ರೆಡಿಟ್ಟಿನ ಸೆಮಿನಾರನ್ನೂ ಇಟ್ಟುಕೊಂಡರೆ ಓದಿನ ಪಾಲು 180 ಗಂಟೆಯಾಗಿ, ಒಟ್ಟು 420 ಗಂಟೆ, ವಾರಕ್ಕೆ 42 ಗಂಟೆ ಆಗುತ್ತದೆ. ಇದು ಒಬ್ಬ ಮನುಷ್ಯ ಮಾಡಬಹುದಾದ ದುಡಿಮೆ. ರಜೆ ಹತ್ತು ವಾರ ಇಲ್ಲದಿದ್ದರೆ ಕೆಲಸದ ಗಂಟೆಯನ್ನಾಗಲಿ ಕ್ರೆಡಿಟ್ಟನ್ನಾಗಲಿ ಕಡಿಮೆ ಮಾಡಬೇಕೇ ವಿನಾ ದಿನವನ್ನು ಹಿಗ್ಗಿಸಲಾಗದು.

ವಾರದ ಹಂಚಿಕೆ

ಕೆಲಸ ಮತ್ತು ಪಾಠವನ್ನು ಜೋಡಿಸುವ ಆಲೋಚನೆ ಹಳೆಯದು. 1906ರಲ್ಲಿ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಷ್ನೈಡರ್ ಅವರು 27 ಎಂಜಿನಿಯರಿಂಗ್ ವಿದ್ಯಾರ್ಥಿಗಳೊಂದಿಗೆ ಇದನ್ನು ಆರಂಭಿಸಿದಾಗ ವಿದ್ಯಾರ್ಥಿಗಳು ಒಂದು ವಾರ ತರಗತಿಯಲ್ಲಿದ್ದರೆ ಮರುವಾರ ಕಾರ್ಖಾನೆಯಲ್ಲಿರುತ್ತಿದ್ದರು. 1957ರಲ್ಲಿ ಆರಂಭವಾದ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯ ಇದನ್ನೇ ಅವಧಿಗಳ ಲೆಕ್ಕದಲ್ಲಿ ಮಾಡಿತು: ಒಂದು ಅವಧಿ ಓದು, ಇನ್ನೊಂದು ಅವಧಿ ಉದ್ಯೋಗ. ಎರಡು ಕಡೆಯೂ ಪಾಳಿ ಇತ್ತೆಂಬುದನ್ನು ಗಮನಿಸಿ. ಬೇಸಿಗೆ ಕಾರ್ಯಕ್ರಮಕ್ಕೆ ಈ ಸೌಕರ್ಯವಿಲ್ಲ. ಇಲ್ಲಿ ಎರಡೂ ಒಂದೇ ವಾರದಲ್ಲಿ, ಒಂದೇ ದಣಿದ ತಲೆಯಲ್ಲಿ ನಡೆಯಬೇಕು. ಆದ್ದರಿಂದ ವಾರವನ್ನು ಹೇಗೆ ಕತ್ತರಿಸುತ್ತೀರಿ ಎಂಬುದು ಪಠ್ಯದಲ್ಲಿ ಏನಿದೆ ಎಂಬಷ್ಟೇ ಮುಖ್ಯವಾಗುತ್ತದೆ.

ನಾನು ಶಿಫಾರಸು ಮಾಡುವ ಹಂಚಿಕೆ ಹೀಗಿದೆ. ಮೊದಲ ವಾರ ಪೂರ್ತಿ ತರಗತಿ. ಎರಡನೆಯ ವಾರದಿಂದ ಒಂಬತ್ತನೆಯ ವಾರದವರೆಗೆ ನಾಲ್ಕು ದಿನ ಕೆಲಸ, ದಿನಕ್ಕೆ ಏಳೂವರೆ ಗಂಟೆಯಂತೆ ವಾರಕ್ಕೆ 30 ಗಂಟೆ. ಶುಕ್ರವಾರ ಬೆಳಿಗ್ಗೆ ಕೋರ್ಸು, ಮಧ್ಯಾಹ್ನ ಸೆಮಿನಾರು, ಎರಡೂ ಸೇರಿ ನಾಲ್ಕು ಗಂಟೆ. ಉಳಿದ ಎಂಟು ಗಂಟೆ ಓದಿಗೆ ಮತ್ತು ಬರವಣಿಗೆಗೆ. ಹತ್ತನೆಯ ವಾರ ಮತ್ತೆ ಪೂರ್ತಿ ತರಗತಿ, ವರದಿ, ಮಂಡನೆ. ಮೊದಲ ವಾರವನ್ನು ಕೆಲಸದಿಂದ ಮುಕ್ತವಾಗಿಡುವುದರಿಂದ ವಿದ್ಯಾರ್ಥಿಗಳು ಕೋರ್ಸಿನ ಮೂಲ ಪರಿಕಲ್ಪನೆಗಳನ್ನು ಕೈಯಲ್ಲಿ ಹಿಡಿದುಕೊಂಡು ಸಂಸ್ಥೆಯೊಳಗೆ ಕಾಲಿಡುತ್ತಾರೆ. ಇಲ್ಲವಾದರೆ ಮೊದಲ ಹದಿನೈದು ದಿನ ಕಣ್ಣೆದುರು ನಡೆಯುವುದಕ್ಕೆ ಅವರ ಬಳಿ ಹೆಸರೇ ಇರುವುದಿಲ್ಲ.

ಸಂಜೆ ತರಗತಿಗಳನ್ನು ಇಡಬೇಡಿ. ಕಾಗದದ ಮೇಲೆ ಅವು ಅಚ್ಚುಕಟ್ಟಾಗಿ ಕಾಣುತ್ತವೆ, ಸಂಸ್ಥೆಗಳಿಗೂ ಐದು ದಿನದ ಇಂಟರ್ನ್ ಸಿಗುತ್ತಾರೆ. ಆದರೆ ಇಡೀ ದಿನ ಹೊಸ ಜಾಗದಲ್ಲಿ ತಪ್ಪು ಮಾಡಬಾರದೆಂಬ ಎಚ್ಚರದಲ್ಲಿ ಕಳೆದ ಹುಡುಗನೋ ಹುಡುಗಿಯೋ ಸಂಜೆ ಆರೂವರೆಗೆ ಬೆಂಚಿನ ಮೇಲೆ ಕುಳಿತಾಗ ಕಿವಿಗೆ ಬಿದ್ದದ್ದು ಮನಸ್ಸಿಗೆ ಇಳಿಯುವುದಿಲ್ಲ. ಒಮ್ಮೆ ಅಂಥ ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತು ನೋಡಿದ್ದೇನೆ. ಟಿಪ್ಪಣಿ ಪುಸ್ತಕಗಳಲ್ಲಿ ಮೊದಲ ಇಪ್ಪತ್ತು ನಿಮಿಷದ ಬರಹವಿತ್ತು, ಆಮೇಲೆ ಖಾಲಿ ಗೆರೆಗಳಿದ್ದವು.

ಸಂಸ್ಥೆಗಳನ್ನು ಆರಿಸುವಾಗ

ಕಾರ್ಯಕ್ರಮ ಆರಂಭವಾಗುವುದಕ್ಕೆ ಒಂಬತ್ತು ಹತ್ತು ತಿಂಗಳ ಮುಂಚೆ ಈ ಕೆಲಸ ಶುರುವಾಗಬೇಕು, ಏಕೆಂದರೆ ವಿಶ್ವವಿದ್ಯಾಲಯದ ಒಳಗೆ ಹೊಸ ಕೋರ್ಸಿಗೆ ಅಧ್ಯಯನ ಮಂಡಳಿಯಿಂದಲೂ ಅದರ ಮೇಲಿನ ಪರಿಷತ್ತಿನಿಂದಲೂ ಅನುಮೋದನೆ ಪಡೆಯುವುದಕ್ಕೆ ತಗಲುವ ಕಾಲವೂ, ಹೊರಗೆ ಸಂಸ್ಥೆಗಳ ಕಾನೂನು ವಿಭಾಗ ಒಡಂಬಡಿಕೆಗೆ ಸಹಿ ಹಾಕುವುದಕ್ಕೆ ತಗಲುವ ಕಾಲವೂ ನಮ್ಮ ಕೈಯಲ್ಲಿರುವುದಿಲ್ಲ. ವಿದ್ಯಾರ್ಥಿಗಳ ಸಂಖ್ಯೆಯನ್ನು ಬಂದ ಅರ್ಜಿಗಳ ಮೇಲೆ ನಿರ್ಧರಿಸಬಾರದು. ಖಚಿತವಾಗಿ ಕೈಗೆ ಬಂದಿರುವ ಒಳ್ಳೆಯ ಸ್ಥಾನಗಳ ಮೇಲೆ ನಿರ್ಧರಿಸಬೇಕು. ಹತ್ತು ವಿದ್ಯಾರ್ಥಿಗಳಿಗೆ ಹನ್ನೊಂದು ಸ್ಥಾನಗಳನ್ನು ಇಟ್ಟುಕೊಳ್ಳಿ. ಕೊನೆಯ ವಾರದಲ್ಲಿ ಹಿಂದೆ ಸರಿಯುವ ಸಂಸ್ಥೆ ಪ್ರತಿ ವರ್ಷವೂ ಒಂದಾದರೂ ಇರುತ್ತದೆ.

ಸಂಸ್ಥೆಯ ಹೆಸರು ದೊಡ್ಡದೋ ಚಿಕ್ಕದೋ ಎಂಬುದಕ್ಕಿಂತ ವಿದ್ಯಾರ್ಥಿ ದಿನವೂ ಯಾರ ಪಕ್ಕದಲ್ಲಿ ಕುಳಿತುಕೊಳ್ಳುತ್ತಾರೆಂಬುದು ಹೆಚ್ಚು ಮುಖ್ಯ. ಆದ್ದರಿಂದ ಮಾನವ ಸಂಪನ್ಮೂಲ ವಿಭಾಗದವರ ಜೊತೆ ಮಾತು ಮುಗಿಸಿ ಹಿಂದಿರುಗಬೇಡಿ. ಮೇಲ್ವಿಚಾರಕರಾಗಲಿರುವ ವ್ಯಕ್ತಿಯನ್ನು ನೇರವಾಗಿ ಕಂಡು ಒಂದೇ ಪ್ರಶ್ನೆ ಕೇಳಿ: ಮೂರನೆಯ ವಾರದ ಮಂಗಳವಾರ ನಮ್ಮ ವಿದ್ಯಾರ್ಥಿ ಏನು ಮಾಡುತ್ತಿರುತ್ತಾರೆ? ಯೋಚಿಸಿ, ತಮ್ಮ ಮೇಜಿನ ಮೇಲಿನ ಒಂದು ನಿಜವಾದ ಕೆಲಸವನ್ನು ತೋರಿಸುವವರು ಸಿಕ್ಕರೆ ಅದು ಒಳ್ಳೆಯ ಸ್ಥಾನ. “ಎಲ್ಲ ವಿಭಾಗಗಳನ್ನೂ ತೋರಿಸುತ್ತೇವೆ, ಒಟ್ಟಾರೆ ಅನುಭವ ಸಿಗುತ್ತದೆ” ಎನ್ನುವವರು ಸೌಜನ್ಯದಿಂದಲೇ ಹೇಳುತ್ತಿರುತ್ತಾರೆ, ಆದರೆ ಅವರ ಬಳಿ ಕೆಲಸ ಸಿದ್ಧವಿಲ್ಲವೆಂದೇ ಅದರ ಅರ್ಥ.

ಈ ಪಾಠವನ್ನು ನಾನು ಕಲಿತದ್ದು ಒಬ್ಬ ವಿದ್ಯಾರ್ಥಿನಿಯ ಬೇಸಿಗೆಯ ಖರ್ಚಿನಲ್ಲಿ. ಎಲ್ಲರೂ ಬಲ್ಲ ಒಂದು ಸಂಸ್ಥೆಗೆ ಅವಳನ್ನು ಕಳುಹಿಸಿದ್ದೆವು. ಅವಳ ಮೇಲ್ವಿಚಾರಕರು ಅವಳು ಸೇರಿದ ದಿನವೇ ಎರಡು ವಾರಗಳ ರಜೆಯ ಮೇಲೆ ಹೋಗಿದ್ದರು. ಬೇರೆ ಯಾರಿಗೂ ಅವಳು ಯಾಕೆ ಬಂದಿದ್ದಾಳೆಂದು ತಿಳಿದಿರಲಿಲ್ಲ. ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಲು ಕೂರಿಸಿದರು. ಅವಳು ದೂರಲಿಲ್ಲ, ನಾವು ಕೇಳಲಿಲ್ಲ. ನಮಗೆ ತಿಳಿದಾಗ ನಾಲ್ಕನೆಯ ವಾರ ಮುಗಿಯುತ್ತಿತ್ತು. ಅಂದಿನಿಂದ ಪ್ರತಿ ಒಡಂಬಡಿಕೆಯಲ್ಲೂ ಬದಲಿ ಮೇಲ್ವಿಚಾರಕರ ಹೆಸರನ್ನು ಬರೆಸಿಕೊಳ್ಳುತ್ತೇವೆ, ಮತ್ತು ಇಬ್ಬರ ರಜೆಯ ದಿನಗಳನ್ನೂ ಮೊದಲೇ ಕೇಳಿಕೊಳ್ಳುತ್ತೇವೆ.

ಕಲಿಕೆಯ ಒಪ್ಪಂದ

ವಿಶ್ವವಿದ್ಯಾಲಯ ಮತ್ತು ಸಂಸ್ಥೆಯ ನಡುವಿನ ಒಡಂಬಡಿಕೆ ಒಂದು ಪತ್ರವಾದರೆ, ವಿದ್ಯಾರ್ಥಿ, ಮೇಲ್ವಿಚಾರಕ, ಅಧ್ಯಾಪಕ ಈ ಮೂವರೂ ಸಹಿ ಮಾಡುವ ಕಲಿಕೆಯ ಒಪ್ಪಂದ ಇನ್ನೊಂದು. ಕಾರ್ಯಕ್ರಮದ ಗಟ್ಟಿತನ ಈ ಎರಡನೆಯದರಲ್ಲಿದೆ, ಮತ್ತು ಕಾಟಾಚಾರಕ್ಕೆ ತುಂಬುವ ಪತ್ರವೂ ಇದೇ ಆಗಿರುತ್ತದೆ. ವಿದ್ಯಾರ್ಥಿಯೊಬ್ಬ ಮೊದಲ ಸಲ ಬರೆದು ತರುವ ಗುರಿ ಸಾಮಾನ್ಯವಾಗಿ ಹೀಗಿರುತ್ತದೆ: “ಗ್ರಾಹಕ ಸೇವಾ ವಿಭಾಗದ ಕಾರ್ಯವಿಧಾನವನ್ನು ಅರ್ಥ ಮಾಡಿಕೊಳ್ಳುವುದು.” ಇದರಲ್ಲಿ ತಪ್ಪಿಲ್ಲ, ಆದರೆ ಇದು ನೆರವೇರಿತೋ ಇಲ್ಲವೋ ಎಂದು ಹೇಳುವುದು ಯಾರಿಂದಲೂ ಆಗದು.

ಅವನನ್ನು ಎದುರಿಗೆ ಕೂರಿಸಿಕೊಂಡು, ಮೇಲ್ವಿಚಾರಕರಿಗೆ ಫೋನು ಹಚ್ಚಿ, ಅರ್ಧ ಗಂಟೆ ಮೂವರೂ ಮಾತಾಡಿದ ಮೇಲೆ ಅದೇ ಗುರಿ ಹೀಗಾಗುತ್ತದೆ: “ಕಳೆದ ಮೂರು ತಿಂಗಳಲ್ಲಿ ಬಂದ ದೂರುಗಳ ಪೈಕಿ 200ನ್ನು ಆರಿಸಿ, ಸಂಶೋಧನಾ ವಿಧಾನದ ಕೋರ್ಸಿನಲ್ಲಿ ಕಲಿತಂತೆ ವರ್ಗೀಕರಣದ ಸೂತ್ರಗಳನ್ನು ರಚಿಸಿ, ಐದನೆಯ ವಾರದೊಳಗೆ ವಿಂಗಡಿಸುವುದು, ಅವುಗಳಲ್ಲಿ 40ನ್ನು ಇನ್ನೊಬ್ಬ ಸಿಬ್ಬಂದಿಯಿಂದ ಸ್ವತಂತ್ರವಾಗಿ ವಿಂಗಡಣೆ ಮಾಡಿಸಿ, ಇಬ್ಬರ ನಡುವೆ ಎಲ್ಲಿ ಭಿನ್ನಾಭಿಪ್ರಾಯ ಬಂತು, ಯಾಕೆ ಬಂತು ಎಂದು ಎರಡು ಪುಟ ಬರೆಯುವುದು.” ಈಗ ಸಂಸ್ಥೆಗೆ ಬೇಕಾದ ಕೆಲಸವೂ ಇದೆ, ಕೋರ್ಸಿನ ಪರಿಕಲ್ಪನೆಯೂ ಇದೆ, ಅಳೆಯಬಹುದಾದ ಫಲವೂ ಇದೆ. ಮೂರು ಅಥವಾ ನಾಲ್ಕು ಇಂಥ ಗುರಿಗಳು ಸಾಕು. ಅವುಗಳ ಜೊತೆಗೆ ಕೆಲಸದ ವೇಳೆ, ಶುಕ್ರವಾರ ಕೆಲಸಕ್ಕೆ ಕರೆಯುವಂತಿಲ್ಲವೆಂಬ ಷರತ್ತು, ವರದಿಯಲ್ಲಿ ಯಾವ ಮಾಹಿತಿಯನ್ನು ಬಳಸಬಹುದು, ಯಾವುದನ್ನು ಬಳಸಬಾರದು ಎಂಬ ವಿವರ ಇವನ್ನೂ ಸೇರಿಸಿ. ಗೋಪ್ಯತೆಯ ಪತ್ರಕ್ಕೆ ವಿದ್ಯಾರ್ಥಿ ಸಹಿ ಹಾಕುವ ಮುನ್ನ ಅದನ್ನು ನೀವು ಓದಲೇಬೇಕು. ಹತ್ತನೆಯ ವಾರದಲ್ಲಿ ವರದಿಯನ್ನೇ ಒಪ್ಪಿಸಲಾಗದಂತೆ ಕೈಕಟ್ಟುವ ಷರತ್ತುಗಳು ಅದರಲ್ಲಿ ಇರಬಹುದು.

ಯಾವ ಕೋರ್ಸು, ಹೇಗೆ ಕಲಿಸುವುದು

ಎಲ್ಲ ಕೋರ್ಸುಗಳೂ ಈ ಜೋಡಣೆಗೆ ಒಗ್ಗುವುದಿಲ್ಲ. ಪ್ರಯೋಗಾಲಯ ಬೇಕಾದವು, ಹಂತ ಹಂತವಾಗಿ ಅಭ್ಯಾಸದಿಂದಲೇ ಕಟ್ಟಬೇಕಾದ ಗಣಿತದಂಥವು ಇಲ್ಲಿ ಸೊರಗುತ್ತವೆ. ಸಂಶೋಧನಾ ವಿಧಾನ, ಸಂಸ್ಥೆಗಳ ವರ್ತನೆ, ವೃತ್ತಿನೀತಿ, ವೃತ್ತಿಪರ ಬರವಣಿಗೆ, ದುಡಿಮೆಯ ಅರ್ಥಶಾಸ್ತ್ರ ಇಂಥ ಕೋರ್ಸುಗಳು ಚೆನ್ನಾಗಿ ಬೆಳೆಯುತ್ತವೆ, ಏಕೆಂದರೆ ಅವುಗಳ ಪ್ರಶ್ನೆಗಳಿಗೆ ವಿದ್ಯಾರ್ಥಿಯ ಕಣ್ಣೆದುರೇ ಪ್ರತಿದಿನ ಉದಾಹರಣೆಗಳು ಹುಟ್ಟುತ್ತಿರುತ್ತವೆ. ಸೆಮಿಸ್ಟರಿನಲ್ಲಿ ಕಲಿಸುವ ಪಠ್ಯವನ್ನು ಹಾಗೆಯೇ ತಂದು ಹತ್ತು ವಾರಕ್ಕೆ ಒತ್ತಿ ತುಂಬಿದರೆ ಮಾತ್ರ ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾಗುತ್ತದೆ; ಕೆಲಸ ಒಂದು ಕಡೆ ಎಳೆಯುತ್ತದೆ, ಪಾಠ ಇನ್ನೊಂದು ಕಡೆ.

ಅಮೆರಿಕದ ಶಿಕ್ಷಣ ಚಿಂತಕ ಡೇವಿಡ್ ಕೋಲ್ಬ್ 1984ರಲ್ಲಿ ವಿವರವಾಗಿ ಮಂಡಿಸಿದ ಅನುಭವ ಕಲಿಕೆಯ ಚಕ್ರ ಇಲ್ಲಿ ಉಪಯುಕ್ತ: ನೇರ ಅನುಭವ, ಆ ಅನುಭವದತ್ತ ಹಿಂದಿರುಗಿ ನೋಡುವುದು, ಅದರಿಂದ ಒಂದು ಪರಿಕಲ್ಪನೆಗೆ ಬರುವುದು, ಆ ಪರಿಕಲ್ಪನೆಯನ್ನು ಮತ್ತೆ ಕಾರ್ಯದಲ್ಲಿ ಪರೀಕ್ಷಿಸುವುದು. ಈ ಚಕ್ರವನ್ನು ಗೋಡೆಯ ಚಿತ್ರವಾಗಿ ಬಿಡದೆ ವಾರಕ್ಕೆ ಅಳವಡಿಸಬಹುದು. ಸೋಮವಾರದಿಂದ ಗುರುವಾರದವರೆಗೆ ಅನುಭವ. ಗುರುವಾರ ರಾತ್ರಿ ಒಂದು ಪುಟದ ದಿನಚರಿ. ಶುಕ್ರವಾರ ಬೆಳಿಗ್ಗೆ ಪರಿಕಲ್ಪನೆ. ಮಧ್ಯಾಹ್ನದ ಸೆಮಿನಾರಿನಲ್ಲಿ ಮುಂದಿನ ವಾರ ತಾನು ಏನನ್ನು ಬೇರೆ ಬಗೆಯಲ್ಲಿ ಮಾಡಿ ನೋಡುತ್ತೇನೆಂಬ ಒಂದು ಲಿಖಿತ ನಿರ್ಧಾರ. ಆ ಒಂದು ಸಾಲಿನ ನಿರ್ಧಾರವನ್ನು ಮರುವಾರ ತಪ್ಪದೆ ಕೇಳಿ. ಯಾರೂ ಕೇಳದಿದ್ದರೆ ಅದನ್ನು ಬರೆಯುವುದು ಮೂರನೆಯ ವಾರಕ್ಕೆ ನಿಂತುಹೋಗುತ್ತದೆ.

ದಿನಚರಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಕೆಲಸ ಮತ್ತು ಪಾಠ ಕೂಡುವ ಜಾಗ ಅದೇ. ಒಬ್ಬ ವಿದ್ಯಾರ್ಥಿನಿ ಎರಡನೆಯ ವಾರ ಬರೆದಿದ್ದಳು: “ಬುಧವಾರ ಯೋಜನೆಯ ಸಭೆಗೆ ಹೋಗಿದ್ದೆ. ಎಂಟು ಜನರಿದ್ದರು. ಚರ್ಚೆ ಚೆನ್ನಾಗಿತ್ತು. ಬಹಳ ಕಲಿತೆ.” ಇದಕ್ಕೆ ಅಂಕ ಕೊಡುವುದಕ್ಕಾಗಲಿ ಕಳೆಯುವುದಕ್ಕಾಗಲಿ ಏನೂ ಇಲ್ಲ. ಅಧ್ಯಾಪಕರು ಅಂಚಿನಲ್ಲಿ ಎರಡು ಪ್ರಶ್ನೆ ಬರೆದರು: ಎಂಟು ಜನರಲ್ಲಿ ಎಷ್ಟು ಜನ ಮಾತಾಡಿದರು? ತೀರ್ಮಾನ ಆದದ್ದು ಯಾವ ಗಳಿಗೆಯಲ್ಲಿ? ಮುಂದಿನ ವಾರದ ಪುಟ ಹೀಗಿತ್ತು: “ಈ ಸಲ ಎಣಿಸಿದೆ. ಮೂವರು ಮಾತಾಡಿದರು. ತೀರ್ಮಾನ ಸಭೆಯಲ್ಲಿ ಆಗಲೇ ಇಲ್ಲ. ಸಭೆ ಮುಗಿದು ಬಾಗಿಲ ಬಳಿ ಇಬ್ಬರು ನಿಂತು ಆಡಿದ ಮಾತೇ ಸಂಜೆಯ ಇಮೇಲಿನಲ್ಲಿ ತೀರ್ಮಾನವಾಗಿ ಬಂತು. ಹಾಗಾದರೆ ಉಳಿದ ಆರು ಜನರನ್ನು ಕರೆದದ್ದು ಯಾಕೆ?” ಶುಕ್ರವಾರದ ತರಗತಿಯಲ್ಲಿ ಔಪಚಾರಿಕ ಮತ್ತು ಅನೌಪಚಾರಿಕ ಅಧಿಕಾರದ ಬಗ್ಗೆ ಪಾಠ ನಡೆದಾಗ ಅವಳಿಗೆ ಅದು ಪುಸ್ತಕದ ಮಾತಾಗಿರಲಿಲ್ಲ, ಇಡೀ ತರಗತಿ ಅವಳ ಪ್ರಶ್ನೆಯ ಸುತ್ತಲೇ ಒಂದು ಗಂಟೆ ಕಳೆಯಿತು. ಅಧ್ಯಾಪಕರ ಎರಡು ಪ್ರಶ್ನೆಗಳು ಮಾಡಿದ ಕೆಲಸ ಅದು, ಮತ್ತು ಅಂಥ ಪ್ರಶ್ನೆಗಳನ್ನು ಬರೆಯಲು ಅಧ್ಯಾಪಕರಿಗೆ ಬಿಡುವು ಇರಬೇಕು. ಒಬ್ಬರಿಗೆ ಹನ್ನೆರಡರಿಂದ ಹದಿನೈದು ವಿದ್ಯಾರ್ಥಿಗಳಿಗಿಂತ ಹೆಚ್ಚು ಕೊಟ್ಟರೆ ಅಂಚಿನಲ್ಲಿ ಉಳಿಯುವುದು ಒಂದು ಸರಿ ಗುರುತು ಮಾತ್ರ. ಬೇಸಿಗೆಯ ಈ ದುಡಿಮೆಗೆ ಅಧ್ಯಾಪಕರಿಗೆ ಸಂಭಾವನೆಯನ್ನಾಗಲಿ ಮುಂದಿನ ಸೆಮಿಸ್ಟರಿನ ಕಾರ್ಯಭಾರದಲ್ಲಿ ರಿಯಾಯಿತಿಯನ್ನಾಗಲಿ ಮೊದಲೇ ಬರವಣಿಗೆಯಲ್ಲಿ ಕೊಡಿಸಿ.

ದಿನಚರಿಯಲ್ಲಿ ಗ್ರಾಹಕರ, ರೋಗಿಗಳ, ಸಹೋದ್ಯೋಗಿಗಳ ಹೆಸರು ಬರಬಾರದೆಂಬ ನಿಯಮವನ್ನು ಮೊದಲ ವಾರವೇ ಹೇಳಿ, ಹೆಸರಿಲ್ಲದೆ ಬರೆಯುವುದು ಹೇಗೆಂದು ಒಂದು ಮಾದರಿಯನ್ನು ಕೊಡಿ.

ಸಂಬಳ, ಕಾನೂನು, ಸುರಕ್ಷತೆ

ಕ್ರೆಡಿಟ್ಟಿಗಾಗಿ ಶುಲ್ಕ ಕಟ್ಟಿ, ಅದೇ ಕ್ರೆಡಿಟ್ಟಿಗಾಗಿ ಸಂಬಳವಿಲ್ಲದೆ ದುಡಿಯುವ ವಿದ್ಯಾರ್ಥಿ ಎರಡು ಕಡೆಯಿಂದಲೂ ಹೊರೆ ಹೊರುತ್ತಾನೆ. ರಜೆಯಲ್ಲಿ ದುಡಿದು ಮುಂದಿನ ವರ್ಷದ ಖರ್ಚಿಗೆ ಕೂಡಿಡಬೇಕಾದವರು ಇಂಥ ಕಾರ್ಯಕ್ರಮದ ಬಾಗಿಲಿಗೂ ಬರಲಾಗುವುದಿಲ್ಲ. ಅರ್ಜಿಗಳ ಪಟ್ಟಿಯಲ್ಲಿ ಅವರ ಹೆಸರೇ ಇಲ್ಲದಿರುವುದರಿಂದ ನಮಗೆ ಅವರು ಕಾಣುವುದೂ ಇಲ್ಲ. ಆದ್ದರಿಂದ ಸಂಬಳ ಅಥವಾ ಶಿಷ್ಯವೇತನ ಕೊಡುವ ಸಂಸ್ಥೆಗಳಿಗೆ ಮೊದಲ ಆದ್ಯತೆ ಕೊಡಿ. ನಿಜವಾಗಿಯೂ ಕೊಡಲಾಗದ ಸಣ್ಣ ಸೇವಾಸಂಸ್ಥೆಗಳಲ್ಲಿ ಕಲಿಕೆ ಚೆನ್ನಾಗಿದ್ದರೆ ಅಲ್ಲಿಗೆ ಹೋಗುವವರಿಗೆ ವಿಶ್ವವಿದ್ಯಾಲಯದ ನಿಧಿಯಿಂದಲೇ ಶಿಷ್ಯವೇತನ ಒದಗಿಸಿ, ಪ್ರಯಾಣ ಮತ್ತು ವಸತಿಯ ಖರ್ಚನ್ನೂ ಅದರಲ್ಲಿ ಎಣಿಸಿ. “ಕ್ರೆಡಿಟ್ ಕೊಡುತ್ತೀರಲ್ಲ, ಸಂಬಳ ಯಾಕೆ?” ಎಂಬ ಮಾತಿಗೆ ಗೋಣು ಹಾಕಬೇಡಿ. ಕ್ರೆಡಿಟ್ಟನ್ನು ಕೊಡುವವರು ನಾವು, ಸಂಸ್ಥೆಯಲ್ಲ. ಅವರು ಕೊಡದೆ ಉಳಿಸಿಕೊಂಡ ಸಂಬಳದ ಬದಲಿಗೆ ನಮ್ಮ ಕ್ರೆಡಿಟ್ಟು ನಿಲ್ಲಲಾರದು.

ಸಂಬಳವಿಲ್ಲದ ಇಂಟರ್ನ್‌ಶಿಪ್ಪಿನ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಉದಾಹರಣೆಗೆ ಅಮೆರಿಕದ ಕಾರ್ಮಿಕ ಇಲಾಖೆ 2018ರ ಜನವರಿಯಿಂದ, ಲಾಭಕ್ಕಾಗಿ ನಡೆಯುವ ಸಂಸ್ಥೆಗಳಲ್ಲಿ ಇಂಟರ್ನ್ ಆಗಿರುವವರು ಕಾನೂನಿನ ಪ್ರಕಾರ ಉದ್ಯೋಗಿಯೇ ಅಲ್ಲವೇ ಎಂಬುದನ್ನು ತೀರ್ಮಾನಿಸಲು, ಮುಖ್ಯ ಪ್ರಯೋಜನ ಯಾರಿಗೆ ಎಂದು ನೋಡುವ ಏಳು ಅಂಶಗಳ ಪರೀಕ್ಷೆಯನ್ನು ಬಳಸುತ್ತಿದೆ. ಇಂಟರ್ನ್‌ಶಿಪ್ ಪಠ್ಯದ ಜೊತೆ ಎಷ್ಟರ ಮಟ್ಟಿಗೆ ಹೆಣೆದುಕೊಂಡಿದೆ, ಶೈಕ್ಷಣಿಕ ವೇಳಾಪಟ್ಟಿಗೆ ಎಷ್ಟು ಹೊಂದಿಕೊಂಡಿದೆ, ಇಂಟರ್ನ್ ಮಾಡುವ ಕೆಲಸ ಸಂಬಳದ ಉದ್ಯೋಗಿಗಳ ಕೆಲಸಕ್ಕೆ ಪೂರಕವೋ ಅಥವಾ ಅವರ ಜಾಗವನ್ನೇ ಕಸಿಯುವಂಥದೋ ಎಂಬ ಪ್ರಶ್ನೆಗಳು ಅದರಲ್ಲಿವೆ. ನಿಮ್ಮ ದೇಶದ ಕಾನೂನು ಬೇರೆಯೇ ಇದ್ದರೂ ಈ ಮೂರು ಪ್ರಶ್ನೆಗಳನ್ನು ಪ್ರತಿ ಸ್ಥಾನಕ್ಕೂ ಕೇಳಿಕೊಳ್ಳುವುದು ಒಳ್ಳೆಯದು. ವಿದೇಶಿ ವಿದ್ಯಾರ್ಥಿಗಳಿದ್ದರೆ ವೀಸಾದ ಷರತ್ತುಗಳನ್ನು ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಿಂದ ಬರವಣಿಗೆಯಲ್ಲಿ ಖಚಿತಪಡಿಸಿಕೊಳ್ಳದೆ ಒಂದು ದಿನದ ಕೆಲಸಕ್ಕೂ ಕಳುಹಿಸಬೇಡಿ. ಅಮೆರಿಕದಲ್ಲಿ ಎಫ್-1 ವೀಸಾದ ವಿದ್ಯಾರ್ಥಿ ಪಠ್ಯಕ್ರಮದ ಅಂಗವಾದ ತರಬೇತಿಗೆ ಹೋಗುವುದಕ್ಕೆ ಮುಂಚೆಯೇ ಅನುಮತಿ ದಾಖಲಾಗಿರಬೇಕು. ಅನುಮತಿ ಬರುವ ಮುನ್ನ ಕೆಲಸಕ್ಕೆ ಇಳಿದರೆ ವಿದ್ಯಾರ್ಥಿಯ ವಾಸ್ತವ್ಯಕ್ಕೇ ಕುತ್ತು ಬರಬಹುದು.

ಅಪಘಾತ ವಿಮೆ ಯಾರ ಕಡೆಯದು ಎಂಬುದನ್ನು ಒಡಂಬಡಿಕೆಯಲ್ಲಿ ಸ್ಪಷ್ಟಪಡಿಸಿ. ಕಿರುಕುಳದ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಸಂಸ್ಥೆಯ ದೂರು ವ್ಯವಸ್ಥೆ ತನಗೆ ಅನ್ವಯಿಸುತ್ತದೆಯೇ, ವಿಶ್ವವಿದ್ಯಾಲಯದ್ದು ಕ್ಯಾಂಪಸ್ಸಿನ ಹೊರಗೂ ಸಲ್ಲುತ್ತದೆಯೇ ಎಂಬ ಗೊಂದಲದಲ್ಲೇ ವಿದ್ಯಾರ್ಥಿಗಳು ಬಾಯಿ ಮುಚ್ಚಿಕೊಳ್ಳುತ್ತಾರೆ. ಮೊದಲ ವಾರದ ತರಗತಿಯಲ್ಲಿ ಒಬ್ಬ ವ್ಯಕ್ತಿಯನ್ನು ಎದುರಿಗೆ ನಿಲ್ಲಿಸಿ, ಅವರ ಫೋನ್ ಸಂಖ್ಯೆಯನ್ನು ಎಲ್ಲರಿಗೂ ಕೊಟ್ಟು, ಯಾವ ಹೊತ್ತಿನಲ್ಲಾದರೂ ಇವರಿಗೆ ಹೇಳಬಹುದು, ಹೇಳಿದ್ದರಿಂದ ಕ್ರೆಡಿಟ್ಟಿಗೆ ಧಕ್ಕೆಯಾಗುವುದಿಲ್ಲ ಎಂದು ಸ್ಪಷ್ಟವಾದ ಮಾತಿನಲ್ಲಿ ಹೇಳಿ. ಆ ಕೊನೆಯ ಭರವಸೆ ಇಲ್ಲದಿದ್ದರೆ ಮೊದಲಿನ ಎರಡೂ ವ್ಯರ್ಥ.

ನಡೆಯುತ್ತಿರುವಾಗ

ಕೆಲಸ ಆರಂಭವಾದ ಮೂರನೆಯ ದಿನ ಪ್ರತಿ ವಿದ್ಯಾರ್ಥಿಗೂ ಐದು ನಿಮಿಷದ ಫೋನು ಮಾಡಿ. “ಹೇಗಿದೆ?” ಎಂದು ಕೇಳಿದರೆ “ಚೆನ್ನಾಗಿದೆ ಸರ್” ಎಂಬ ಉತ್ತರವೇ ಬರುತ್ತದೆ, ಬದಲಿಗೆ ನಿನ್ನೆ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಏನು ಮಾಡಿದಿರಿ ಎಂದು ಕೇಳಿ. ಕೆಲಸದ ಎರಡನೆಯ ಅಥವಾ ಮೂರನೆಯ ವಾರದಲ್ಲಿ ಅಧ್ಯಾಪಕರು ಸಂಸ್ಥೆಗೇ ಹೋಗಿ ನೋಡಬೇಕು. ದೂರವಿದ್ದರೆ ವಿಡಿಯೊ ಕರೆಯಾದರೂ ಆಗಲಿ, ಆದರೆ ಮೇಲ್ವಿಚಾರಕರ ಜೊತೆ ಒಮ್ಮೆ, ವಿದ್ಯಾರ್ಥಿಯ ಜೊತೆ ಪ್ರತ್ಯೇಕವಾಗಿ ಒಮ್ಮೆ, ಹೀಗೆ ಎರಡು ಮಾತುಕತೆ ಆಗಲೇಬೇಕು.

ಸ್ಥಾನವೊಂದು ಸರಿಹೋಗುವುದಿಲ್ಲವೆಂದು ಕಂಡರೆ ಕೆಲಸದ ಮೂರನೆಯ ವಾರ ಮುಗಿಯುವುದರೊಳಗೆ ತೀರ್ಮಾನಿಸಿ. ಆಮೇಲೆ ಬದಲಾಯಿಸಿದರೆ ಹೊಸ ಜಾಗದಲ್ಲಿ ಹೇಳಿಕೊಳ್ಳುವಂಥ ಕೆಲಸಕ್ಕೆ ಕಾಲ ಸಾಲದು. ಮೊದಲೇ ಉಳಿಸಿಕೊಂಡಿದ್ದ ಹನ್ನೊಂದನೆಯ ಸ್ಥಾನ ಬಳಕೆಗೆ ಬರುವುದು ಇಲ್ಲಿ. ಅದೂ ಇಲ್ಲವಾದರೆ, ವಿದ್ಯಾರ್ಥಿ ಆ ತನಕ ಕಂಡದ್ದನ್ನೇ ಆಧರಿಸಿ ಅಧ್ಯಾಪಕರ ಮಾರ್ಗದರ್ಶನದಲ್ಲಿ ಒಂದು ಕಿರು ಸಂಶೋಧನೆಯನ್ನು ಪೂರೈಸುವ ದಾರಿಯನ್ನು ಕಾರ್ಯಕ್ರಮದ ನಿಯಮಾವಳಿಯಲ್ಲಿ ಆರಂಭದಲ್ಲೇ ಬರೆದಿಟ್ಟಿರಬೇಕು.

ಮೌಲ್ಯಮಾಪನ

ಅಂಕ ಕೊಡುವ ಅಧಿಕಾರ ಅಧ್ಯಾಪಕರ ಬಳಿಯೇ ಇರಲಿ. ಮೇಲ್ವಿಚಾರಕರ ಅಭಿಪ್ರಾಯಪತ್ರವನ್ನು ತಪ್ಪದೆ ಪಡೆಯಿರಿ, ಓದಿ, ವಿದ್ಯಾರ್ಥಿಯ ಜೊತೆ ಚರ್ಚಿಸಿ. ಅದನ್ನು ನೇರವಾಗಿ ಅಂಕವಾಗಿ ಪರಿವರ್ತಿಸಬೇಡಿ. ಬಹುತೇಕ ಮೇಲ್ವಿಚಾರಕರು ಸೌಜನ್ಯದಿಂದ ಎಲ್ಲರಿಗೂ ಮೇಲಿನ ಅಂಕಣದಲ್ಲೇ ಗುರುತು ಹಾಕುತ್ತಾರೆ, ಬೆರಳೆಣಿಕೆಯ ಕೆಲವರು ನಿಜ ಬರೆಯುತ್ತಾರೆ. ಹೀಗಾಗಿ ಪ್ರಾಮಾಣಿಕ ಮೇಲ್ವಿಚಾರಕರ ಕೈಕೆಳಗೆ ದುಡಿದ ವಿದ್ಯಾರ್ಥಿಗೆ ಅನ್ಯಾಯವಾಗುತ್ತದೆ. ಅಂಕಗಳ ಬದಲು ಅವರಿಂದ ಎರಡು ಘಟನೆಗಳನ್ನು ಬರೆಸಿಕೊಳ್ಳಿ: ಈ ವಿದ್ಯಾರ್ಥಿ ಚೆನ್ನಾಗಿ ನಿಭಾಯಿಸಿದ ಒಂದು ಸಂದರ್ಭ, ಮತ್ತು ಬೇರೆ ರೀತಿಯಲ್ಲಿ ಮಾಡಬಹುದಾಗಿದ್ದ ಒಂದು ಸಂದರ್ಭ.

ಕೋರ್ಸಿಗೆ ಅದರದೇ ಪರೀಕ್ಷೆ, ಅದರದೇ ಅಂಕ. ಸೆಮಿನಾರಿಗೆ ದಿನಚರಿ, ಅಂತಿಮ ವರದಿ, ಮಂಡನೆ ಇವುಗಳನ್ನು ಆಧರಿಸಿ ಅಂಕ ಕೊಡಿ, ದಿನಚರಿಗೆ ಅರ್ಧದಷ್ಟು ತೂಕ ಕೊಟ್ಟರೂ ಹೆಚ್ಚಾಗದು. ದುಡಿದ ಗಂಟೆಗಳಿಗಾಗಿಯೇ ಅಂಕವಿಲ್ಲ; 240 ಗಂಟೆಯ ಹಾಜರಾತಿ ತೇರ್ಗಡೆಗೆ ಇರಬೇಕಾದ ಅರ್ಹತೆ ಮಾತ್ರ. ಕೆಲಸ ಯಶಸ್ವಿಯಾಗದಿದ್ದರೂ ಪೂರ್ಣ ಅಂಕ ಪಡೆಯುವ ದಾರಿ ತೆರೆದಿರಬೇಕು. ಅರ್ಧಕ್ಕೆ ನಿಂತ ಯೋಜನೆ ಯಾಕೆ ನಿಂತಿತು, ತನ್ನ ಪಾಲೆಷ್ಟು, ಸಂಸ್ಥೆಯ ಪಾಲೆಷ್ಟು, ಯಾವ ಸೂಚನೆಯನ್ನು ತಾನು ಎರಡನೆಯ ವಾರದಲ್ಲೇ ಗಮನಿಸಬಹುದಾಗಿತ್ತು ಎಂದು ಕೋರ್ಸಿನ ಪರಿಭಾಷೆಯಲ್ಲಿ ಬಿಡಿಸಿ ಬರೆದ ವರದಿಯನ್ನು ನಾನು ಓದಿದ್ದೇನೆ. ಆ ಬೇಸಿಗೆಯ ಅತ್ಯುತ್ತಮ ವರದಿ ಅದೇ ಆಗಿತ್ತು.

ಮುಗಿದ ಮೇಲಿನ ಎರಡು ವಾರ

ಮಂಡನೆಗಳಿಗೆ ಮೇಲ್ವಿಚಾರಕರನ್ನು ಕರೆಯಿರಿ. ಕೃತಜ್ಞತಾ ಪತ್ರವನ್ನು ಎಲ್ಲರಿಗೂ ಒಂದೇ ನಮೂನೆಯಲ್ಲಿ ಕಳುಹಿಸದೆ, ಅವರ ಬಳಿ ವಿದ್ಯಾರ್ಥಿ ಕಲಿತ ಒಂದು ನಿರ್ದಿಷ್ಟ ವಿಷಯವನ್ನು ದಿನಚರಿಯಿಂದ ಎತ್ತಿ, ವಿದ್ಯಾರ್ಥಿಯ ಒಪ್ಪಿಗೆ ಪಡೆದು, ಆ ಪತ್ರದಲ್ಲಿ ಬರೆಯಿರಿ. ಮುಂದಿನ ವರ್ಷದ ಸ್ಥಾನ ಆ ಎರಡು ಸಾಲಿನಿಂದಲೇ ಖಚಿತವಾದದ್ದುಂಟು. ಅಂಕಪಟ್ಟಿ ಸಲ್ಲಿಸಿದ ವಾರದಲ್ಲೇ, ನೆನಪು ಹಸಿಯಾಗಿರುವಾಗ, ಪ್ರತಿ ಸಂಸ್ಥೆಗೂ ಒಂದು ಪುಟದ ಟಿಪ್ಪಣಿ ಬರೆದು ಕಡತದಲ್ಲಿ ಇಡಿ: ಮೇಲ್ವಿಚಾರಕರು ಯಾರಾಗಿದ್ದರು, ಒಪ್ಪಿದ ಕೆಲಸವನ್ನೇ ಕೊಟ್ಟರೇ, ಶುಕ್ರವಾರವನ್ನು ಬಿಟ್ಟುಕೊಟ್ಟರೇ, ಶಿಷ್ಯವೇತನ ಸಕಾಲಕ್ಕೆ ಬಂತೇ, ಮತ್ತೆ ಕಳುಹಿಸಬಹುದೇ, ಕಳುಹಿಸಬಾರದೆಂದರೆ ಯಾಕೆ. ಮುಂದಿನ ವರ್ಷ ಸಂಯೋಜಕರು ಬೇರೆಯವರಾಗಿರಬಹುದು; ಕಡತಗಳನ್ನು ಸ್ಕ್ಯಾನ್ ಮಾಡುತ್ತಾ ನಾಲ್ಕು ವಾರ ಕಳೆದ ವಿದ್ಯಾರ್ಥಿನಿಯ ವಿಷಯ ಅವರಿಗೆ ಆ ಪುಟದಿಂದಲ್ಲದೆ ಬೇರೆ ಎಲ್ಲಿಂದಲೂ ತಿಳಿಯುವಂತಿಲ್ಲ.